ಕೇಸ್ ಶೀಟ್‌ನಿಂದ ಕೋಡ್‌ವರೆಗೆ: ಐಸಿಡಿ-10 ಬಳಸುವ ಕ್ರಮ

ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ ಹೊಸದಾಗಿ ಬಂದವರು ಕಾಯಿಲೆಗಳಿಗೆ ಹಾಕಬೇಕಾದ ಐಸಿಡಿ-10 ಕೋಡ್‌ಗಳ ಒಂದು ಚೀಟಿಯನ್ನು ಬೇಗನೆ ಬರೆದಿಟ್ಟುಕೊಳ್ಳುತ್ತಾರೆ. ಬಿಪಿ ಎಂದರೆ ಐ10, ಸಕ್ಕರೆ ಕಾಯಿಲೆ ಎಂದರೆ ಇ11.9, ಜ್ವರ ಎಂದರೆ ಆರ್50.9, ಹೊಟ್ಟೆನೋವು ಎಂದರೆ ಆರ್10.4. ಕಂಪ್ಯೂಟರ್ ಪರದೆಯ ಅಂಚಿಗೆ ಅಂಟಿಸಿದ ಆ ಚೀಟಿಯನ್ನು ಕಿತ್ತು ಹಾಕಿ ಎನ್ನುವುದು ನನ್ನ ಮೊದಲ ಸಲಹೆ. ಅದರಲ್ಲಿರುವ ಕೋಡ್‌ಗಳೆಲ್ಲ ಸರಿಯೇ. ಆದರೆ ಚೀಟಿ ಕಣ್ಣೆದುರಿಗಿದ್ದರೆ ಕೇಸ್ ಶೀಟ್ ಓದುವ ಗೋಜಿಗೆ ಯಾರೂ ಹೋಗುವುದಿಲ್ಲ. ಮೂತ್ರಪಿಂಡ ಕೆಟ್ಟವರು, ದೃಷ್ಟಿ ಮಂಜಾದವರು, ಕಾಲು ಕೊಳೆತು ಬಂದವರು ಎಲ್ಲರೂ ಇ11.9 ಆಗಿಬಿಡುತ್ತಾರೆ. ಆ ಕೋಡ್‌ನ ಅರ್ಥವೋ, ಯಾವ ತೊಡಕೂ ಇಲ್ಲದ ಎರಡನೇ ಬಗೆಯ ಮಧುಮೇಹ!

ಈ ಲೇಖನ ಕೋಡಿಂಗ್ ಕೆಲಸಕ್ಕೆ ಈಗಷ್ಟೇ ಕೈಹಾಕಿದವರಿಗೆ, ದಾಖಲೆ ತಂತ್ರಜ್ಞಾನದ ವಿದ್ಯಾರ್ಥಿಗಳಿಗೆ, ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಬಿಲ್ಲಿಂಗ್ ಜೊತೆಗೆ ಇದನ್ನೂ ತಲೆಗೆ ಕಟ್ಟಿಸಿಕೊಂಡವರಿಗೆ. ಇಲ್ಲಿ ಕೋಡ್‌ಗಳ ಇಂಗ್ಲಿಷ್ ಅಕ್ಷರಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ದಾಖಲೆಯಲ್ಲಿ ಇಂಗ್ಲಿಷ್ ಅಕ್ಷರವನ್ನೇ ನಮೂದಿಸಬೇಕು. ಮೊದಲ ಸ್ಥಾನದಲ್ಲಿ ಯಾವಾಗಲೂ ಅಕ್ಷರ, ನಂತರದ ಎರಡು ಸ್ಥಾನಗಳಲ್ಲಿ ಅಂಕಿ, ಚುಕ್ಕಿಯ ಬಳಿಕ ಇನ್ನೊಂದು ಅಂಕಿ (ಐ10ರಂತೆ ಈ ನಾಲ್ಕನೇ ಸ್ಥಾನವೇ ಇಲ್ಲದ ಕೋಡ್‌ಗಳೂ ಇವೆ). ಕೈಬರಹದಲ್ಲಿ ಓ ಅಕ್ಷರ ಸೊನ್ನೆಯಾಗಿ, ಐ ಅಕ್ಷರ ಒಂದಾಗಿ ಕಾಣುವುದರಿಂದ ಈ ನಿಯಮವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಯಾವ ಐಸಿಡಿ ಎಂದು ಮೊದಲು ಕೇಳಿ

ಐಸಿಡಿ ಎಂದರೆ ವಿಶ್ವ ಆರೋಗ್ಯ ಸಂಸ್ಥೆ ನಡೆಸಿಕೊಂಡು ಬಂದಿರುವ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ. 1893ರಲ್ಲಿ ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಜಾಕ್ ಬರ್ಟಿಯೋನ್ ಮುಂದಿಟ್ಟ ಸಾವಿನ ಕಾರಣಗಳ ಪಟ್ಟಿ ಅದರ ಬೇರು. 1948ರ ಆರನೇ ಪರಿಷ್ಕರಣೆಯಿಂದ ಬದುಕಿರುವವರ ಕಾಯಿಲೆಗಳೂ ಅದರೊಳಗೆ ಬಂದವು. ಹತ್ತನೆಯ ಪರಿಷ್ಕರಣೆಗೆ 1990ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಆಸ್ಪತ್ರೆಗಳಲ್ಲಿ ಐಸಿಡಿ-10 ಎಂದರೆ ಸಾಮಾನ್ಯವಾಗಿ ಇದೇ.

ಆದರೆ ಬೆಂಗಳೂರಿನ ಕೋಡಿಂಗ್ ಕಂಪನಿಯೊಂದರಲ್ಲಿ ಅಮೆರಿಕದ ಆಸ್ಪತ್ರೆಗಳಿಗಾಗಿ ಕೆಲಸ ಮಾಡುವವರು ‘ಐಸಿಡಿ-10’ ಎಂದಾಗ ಅವರ ಮನಸ್ಸಿನಲ್ಲಿರುವುದು ಬೇರೆ ಪುಸ್ತಕ. ಅಮೆರಿಕ 2015ರ ಅಕ್ಟೋಬರ್ 1ರಿಂದ ಬಳಸುತ್ತಿರುವ ಐಸಿಡಿ-10-ಸಿಎಂ ಮೂಲದ ಮೇಲೆ ಕಟ್ಟಿದ ವಿಸ್ತೃತ ರೂಪ. ಅದರಲ್ಲಿ ಕೋಡ್ ಏಳು ಸ್ಥಾನಗಳವರೆಗೆ ಹೋಗುತ್ತದೆ. ಮಧುಮೇಹದಿಂದ ರಕ್ತನಾಳ ಕೆಟ್ಟು ಗ್ಯಾಂಗ್ರೀನ್ (ಅಂಗ ಕೊಳೆಯುವುದು) ಆದರೆ ಅಲ್ಲಿ ಇ11.52, ಮೂಲ ಆವೃತ್ತಿಯಲ್ಲಿ ಇ11.5. ಡೆಂಗಿಗೆ ಅಲ್ಲಿ ಇನ್ನೂ ಎ90 ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಆವೃತ್ತಿಗಳಲ್ಲಿ ಎ90 ಮತ್ತು ಎ91 ಹೋಗಿ ಎ97 ಬಂದಿದೆ. ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಎದುರಾಗುವುದು ಅಮೆರಿಕದ ಕೋಡ್‌ಗಳೇ. ಅದನ್ನೇ ನಕಲು ಮಾಡಿ ನಮ್ಮ ಸಾಫ್ಟ್‌ವೇರ್‌ಗೆ ಹಾಕಿದಾಗ ‘ಅಮಾನ್ಯ ಕೋಡ್’ ಎಂದು ಬರುತ್ತದೆ. ಆಮೇಲೆ ಸಾಫ್ಟ್‌ವೇರ್‌ಗೆ ಬೈಗುಳ. ವಿಶ್ವ ಆರೋಗ್ಯ ಸಂಸ್ಥೆಯ ಜಾಲತಾಣದಲ್ಲಿ 2019ರ ಆವೃತ್ತಿ ಉಚಿತವಾಗಿ ಸಿಗುತ್ತದೆ. ಅದನ್ನು ತೆರೆದಿಟ್ಟುಕೊಂಡೇ ಕೆಲಸ ಮಾಡಿ.

ಪುಸ್ತಕದಲ್ಲಿ ಮೂರು ಸಂಪುಟಗಳಿವೆ. ಒಂದನೆಯದು ಕೋಡ್‌ಗಳ ಪಟ್ಟಿ, ಎರಡನೆಯದು ನಿಯಮಗಳು, ಮೂರನೆಯದು ಅಕಾರಾದಿ ಸೂಚಿ. ಮೂರನೆಯದರಲ್ಲಿ ಹುಡುಕಿ, ಒಂದನೆಯದರಲ್ಲಿ ಖಚಿತಪಡಿಸಿಕೊಳ್ಳಬೇಕು. ಎರಡನೆಯ ಸಂಪುಟವನ್ನು ಬಹುತೇಕರು ತೆರೆಯುವುದೇ ಇಲ್ಲ, ಜಗಳಗಳೆಲ್ಲ ಹುಟ್ಟುವುದು ಅದರಿಂದಲೇ.

ಕೇಸ್ ಶೀಟ್ ಹಿಂದಿನಿಂದ ಓದಿ

ಡಿಸ್ಚಾರ್ಜ್ ಸಮ್ಮರಿಯ ಮೇಲಿನ ಒಂದು ಸಾಲು ನೋಡಿ ಕೋಡ್ ಹಾಕುವುದು ಸುಲಭ. ಆ ಸಾಲನ್ನು ಬರೆದವರು ರಾತ್ರಿ ಡ್ಯೂಟಿ ಮುಗಿಸಿ ಕಣ್ಣು ಎಳೆಯುತ್ತಿದ್ದ ಪಿಜಿ ವಿದ್ಯಾರ್ಥಿಯಾಗಿರಬಹುದು. ಹಾಗಾಗಿ ಸಮ್ಮರಿಯಿಂದ ಶುರುಮಾಡಿ ಹಿಂದಕ್ಕೆ ಹೋಗಿ: ಆಪರೇಷನ್ ಟಿಪ್ಪಣಿ, ಬಯಾಪ್ಸಿ ವರದಿ, ಬೇರೆ ವಿಭಾಗದ ವೈದ್ಯರ ಅಭಿಪ್ರಾಯ, ಪ್ರತಿದಿನದ ಟಿಪ್ಪಣಿ, ಕೊನೆಗೆ ದಾಖಲಾದ ದಿನದ ಹಾಳೆ. ದಾಖಲಾಗುವಾಗ ‘ಹೊಟ್ಟೆನೋವು’ ಎಂದಿದ್ದದ್ದು ಆಪರೇಷನ್ ಟಿಪ್ಪಣಿಯಲ್ಲಿ ‘ಒಡೆದ ಅಪೆಂಡಿಕ್ಸ್, ಹೊಟ್ಟೆಯ ಒಳಪೊರೆಗೆಲ್ಲ ಸೋಂಕು’ ಎಂದಾಗಿರುತ್ತದೆ. ಆಗ ಕೋಡ್ ಆರ್10.4 ಅಲ್ಲ, ಕೆ35.2.

ಸಂಕ್ಷಿಪ್ತ ರೂಪಗಳ ಬಗ್ಗೆ ಎಚ್ಚರ. ಹೃದ್ರೋಗ ವಿಭಾಗದ ಎಂಎಸ್ ಎಂದರೆ ಮೈಟ್ರಲ್ ಸ್ಟೆನೋಸಿಸ್, ಅದಕ್ಕೆ ಐ05.0, ನರರೋಗ ವಿಭಾಗದ ಎಂಎಸ್ ಎಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅದಕ್ಕೆ ಜಿ35. ಎಆರ್‌ಎಫ್ ಎಂದು ಬರೆದರೆ ಮೂತ್ರಪಿಂಡ ಕೈಕೊಟ್ಟಿತೋ ಶ್ವಾಸಕೋಶ ಕೈಕೊಟ್ಟಿತೋ ಗೊತ್ತಾಗುವುದಿಲ್ಲ. ಎನ್17 ಮತ್ತು ಜೆ96.0 ನಡುವೆ ಊಹೆಗೆ ಜಾಗವಿಲ್ಲ. ಹೃದಯಾಘಾತದ ಮುಂದೆ ತಾರೀಖು ನೋಡಿ. ಆಗಿ 28 ದಿನಗಳ ಒಳಗಿದ್ದರೆ ಐ21, ಹಿಂದೆಂದೋ ಆಗಿ ವಾಸಿಯಾಗಿದ್ದರೆ ಐ25.2. ಐದು ವರ್ಷದ ಹಿಂದಿನ ಹೃದಯಾಘಾತವನ್ನು ಐ21 ಎಂದು ಹಾಕಿದರೆ, ಕಣ್ಣಿನ ಪೊರೆ ತೆಗೆಸಲು ಬಂದ ಅಜ್ಜ ಅಂಕಿಅಂಶದಲ್ಲಿ ಹೊಸ ಹೃದಯಾಘಾತದ ರೋಗಿಯಾಗುತ್ತಾನೆ.

ಮುಖ್ಯ ಕಾಯಿಲೆಯನ್ನು ಆರಿಸುವುದು

ಎರಡನೇ ಸಂಪುಟದ ಪ್ರಕಾರ, ಚಿಕಿತ್ಸೆಯ ಅವಧಿ ಮುಗಿದಾಗ ಗೊತ್ತಾದ, ರೋಗಿಗೆ ಚಿಕಿತ್ಸೆ ಅಥವಾ ತಪಾಸಣೆ ಬೇಕಾಗಲು ಪ್ರಧಾನವಾಗಿ ಕಾರಣವಾದ ಸ್ಥಿತಿಯೇ ಮುಖ್ಯ ಕಾಯಿಲೆ. ಅಂಥವು ಒಂದಕ್ಕಿಂತ ಹೆಚ್ಚಿದ್ದರೆ ಆಸ್ಪತ್ರೆಯ ಸಂಪನ್ಮೂಲವನ್ನು ಹೆಚ್ಚು ಬಳಸಿದ್ದು ಯಾವುದೋ ಅದು. ವೈದ್ಯರು ಮೊದಲು ಬರೆದದ್ದೇ ಮುಖ್ಯ ಎಂದುಕೊಳ್ಳಬೇಡಿ. ಅನೇಕರು ಹಳೆಯ ಕಾಯಿಲೆಯಿಂದ ಹೊಸದಕ್ಕೆ ಬರುತ್ತಾರೆ: ‘ಬಿಪಿ, ಶುಗರ್, ಬಲಗಾಲಿನ ಗ್ಯಾಂಗ್ರೀನ್’. ರೋಗಿ ಬಂದದ್ದು ಕಾಲಿಗಾಗಿ, ಆಪರೇಷನ್ ಆದದ್ದು ಕಾಲಿಗೆ.

ಇದನ್ನೇ ಪೂರ್ತಿ ಬಿಡಿಸಿ ನೋಡೋಣ. ಒಂದು ಮಾದರಿ ಕೇಸ್ ಶೀಟ್: 58 ವರ್ಷದ ವ್ಯಕ್ತಿ, ಎರಡನೇ ಬಗೆಯ ಮಧುಮೇಹ, ಅಧಿಕ ರಕ್ತದೊತ್ತಡ, ಬಲ ಪಾದದಲ್ಲಿ ಮಧುಮೇಹದ ಗ್ಯಾಂಗ್ರೀನ್, ಮೊಣಕಾಲಿನ ಕೆಳಗೆ ಕಾಲು ತೆಗೆಯಲಾಗಿದೆ. ಮೂರನೇ ಸಂಪುಟದಲ್ಲಿ ‘ಪಾದ’ ಎಂದು ಹುಡುಕಿದರೆ ಸಿಗುವುದಿಲ್ಲ. ಸೂಚಿ ಅಂಗದ ಹೆಸರಿನಿಂದಲ್ಲ, ಕಾಯಿಲೆಯ ಹೆಸರಿನಿಂದ ನಡೆಯುತ್ತದೆ. ಗ್ಯಾಂಗ್ರೀನ್ ಎಂಬ ಪದದ ಕೆಳಗೆ ಹೋಗಿ. ಆತುರಗಾರರು ಮೊದಲ ಸಾಲಿನಲ್ಲೇ ನಿಂತು ಆರ್02 ಬರೆದುಕೊಂಡು ಎದ್ದುಹೋಗುತ್ತಾರೆ. ನೀವು ಒಂದನೇ ಸಂಪುಟದಲ್ಲಿ ಆರ್02 ತೆರೆಯಿರಿ. ಅದರ ಕೆಳಗೆ ‘ಹೊರತು’ ಎಂಬ ಟಿಪ್ಪಣಿ ಇದೆ: ಮಧುಮೇಹದ ಗ್ಯಾಂಗ್ರೀನ್ ಇಲ್ಲಿಗೆ ಸೇರುವುದಿಲ್ಲ, ಇ10ರಿಂದ ಇ14ರವರೆಗಿನ ಕೋಡ್‌ಗಳಲ್ಲಿ ನಾಲ್ಕನೇ ಸ್ಥಾನದ 5ಕ್ಕೆ ಹೋಗಿ. ಎರಡನೇ ಬಗೆಯ ಮಧುಮೇಹ ಇ11, ಆದ್ದರಿಂದ ಇ11.5. ಅಲ್ಲಿ ಓದಿದರೆ ಮಧುಮೇಹದ ಗ್ಯಾಂಗ್ರೀನ್ ಎಂದು ಸ್ಪಷ್ಟವಾಗಿಯೇ ಬರೆದಿದೆ. ಬಿಪಿಗೆ ಐ10 ಹೆಚ್ಚುವರಿ ಕೋಡ್. ಕಾಲು ತೆಗೆದದ್ದು ಚಿಕಿತ್ಸೆ. ಐಸಿಡಿ-10ರಲ್ಲಿ ಚಿಕಿತ್ಸೆಗೆ ಕೋಡ್ ಇಲ್ಲ. ಅದೇ ವ್ಯಕ್ತಿ ಮುಂದಿನ ವರ್ಷ ಬೇರೆ ತೊಂದರೆಗೆ ಬಂದಾಗ, ಮೊಣಕಾಲಿನ ಕೆಳಗೆ ಕಾಲಿಲ್ಲ ಎಂಬುದಕ್ಕೆ ಜೆಡ್89.5 ಸೇರಿಸಬಹುದು.

ಆರ್02 ಹಾಕಿದ್ದರೆ ಏನಾಗುತ್ತಿತ್ತು? ಆ ತಿಂಗಳ ವರದಿಯಲ್ಲಿ ಕಾಲು ಕಳೆದುಕೊಂಡ ಮಧುಮೇಹಿ ಒಬ್ಬರೂ ಇರುತ್ತಿರಲಿಲ್ಲ. ಪಾದ ತಪಾಸಣೆಯ ಕ್ಲಿನಿಕ್ ಬೇಕೆಂದು ಆಸ್ಪತ್ರೆ ಕೇಳಿದಾಗ ತೋರಿಸಲು ಅಂಕಿ ಇರುತ್ತಿರಲಿಲ್ಲ.

ಟಿಪ್ಪಣಿಗಳು, ಚಿಹ್ನೆಗಳು

ಒಂದನೇ ಸಂಪುಟದಲ್ಲಿ ಕೋಡ್ ಜೊತೆಗೆ ಬರುವ ಸಣ್ಣ ಅಕ್ಷರಗಳೇ ಅರ್ಧ ವಿದ್ಯೆ. ‘ಒಳಗೊಂಡಿದೆ’ ಟಿಪ್ಪಣಿ ಯಾವ ಯಾವ ಹೆಸರುಗಳು ಇದೇ ಕೋಡ್‌ಗೆ ಬರುತ್ತವೆ ಎಂದು ಹೇಳುತ್ತದೆ. ‘ಹೊರತು’ ಟಿಪ್ಪಣಿ ಬೇರೆ ಕಡೆಗೆ ಕಳುಹಿಸುತ್ತದೆ. ಈ ಟಿಪ್ಪಣಿ ಕೋಡ್‌ನ ಕೆಳಗಷ್ಟೇ ಇರುವುದಿಲ್ಲ, ಅಧ್ಯಾಯದ ಅಥವಾ ಗುಂಪಿನ ಆರಂಭದಲ್ಲೂ ಇರಬಹುದು. ಕಂಪ್ಯೂಟರ್‌ನಲ್ಲಿ ನೇರವಾಗಿ ಕೋಡ್‌ಗೆ ಹಾರುವವರಿಗೆ ಅದು ಕಾಣುವುದೇ ಇಲ್ಲ.

ಕಠಾರಿ ಮತ್ತು ನಕ್ಷತ್ರ ಚಿಹ್ನೆಗಳು ಜೋಡಿಯಾಗಿ ಬರುತ್ತವೆ. ಕಠಾರಿ ಮೂಲ ಕಾಯಿಲೆಗೆ, ನಕ್ಷತ್ರ ಅದು ಕಾಣಿಸಿಕೊಂಡ ಅಂಗಕ್ಕೆ. ಮಧುಮೇಹದಿಂದ ಕಣ್ಣಿನ ಅಕ್ಷಿಪಟಲ ಕೆಟ್ಟರೆ ಇ11.3 ಕಠಾರಿ, ಎಚ್36.0 ನಕ್ಷತ್ರ. ಕ್ಷಯದಿಂದ ಮಿದುಳು ಪೊರೆಯ ಉರಿಯೂತವಾದರೆ ಎ17.0 ಮತ್ತು ಜಿ01. ನಕ್ಷತ್ರದ ಕೋಡ್ ಒಂಟಿಯಾಗಿ ನಿಲ್ಲುವಂತಿಲ್ಲ. ಕಣ್ಣಿನ ಆಸ್ಪತ್ರೆಗಳಲ್ಲಿ ಎಚ್36.0 ಒಂದನ್ನೇ ಹಾಕಿ ಬಿಡುವುದು ಮಾಮೂಲಿ ತಪ್ಪು; ರೋಗಿಗೆ ಮಧುಮೇಹ ಇದೆ ಎಂಬುದೇ ಆಗ ದಾಖಲೆಯಲ್ಲಿ ಉಳಿಯುವುದಿಲ್ಲ.

ಹಾವು, ವಿಷ, ಅಪಘಾತ

ಗಾಯ ಮತ್ತು ವಿಷಕ್ಕೆ ಎರಡು ಕೋಡ್ ಬೇಕು. ದೇಹಕ್ಕೆ ಏನಾಯಿತು ಎಂಬುದು ಎಸ್ ಅಥವಾ ಟಿ ಅಕ್ಷರದಲ್ಲಿ, ಹೇಗಾಯಿತು ಎಂಬುದು ವಿಯಿಂದ ವೈವರೆಗಿನ ಅಕ್ಷರಗಳಲ್ಲಿ. ಎರಡನೆಯದು ಯಾವತ್ತೂ ಮುಖ್ಯ ಕೋಡ್ ಆಗುವುದಿಲ್ಲ, ಆದರೆ ಬಿಟ್ಟರೆ ಅರ್ಧ ಕೆಲಸ.

ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿ ಮೂತ್ರಪಿಂಡಕ್ಕೆ ಪೆಟ್ಟಾದವರ ಕೇಸ್ ಶೀಟ್ ಬಂತು ಎನ್ನಿ. ಹಾವಿನ ವಿಷಕ್ಕೆ ಟಿ63.0. ಮೂತ್ರಪಿಂಡ ಹಠಾತ್ತನೆ ನಿಂತದ್ದಕ್ಕೆ ಎನ್17.9. ವಿಷದ ಹಾವಿನ ಸಂಪರ್ಕಕ್ಕೆ ಎಕ್ಸ್20, ನಾಲ್ಕನೇ ಸ್ಥಾನದಲ್ಲಿ ಜಾಗ: ಮನೆಗೆ 0, ರಸ್ತೆಗೆ 4, ಹೊಲಗದ್ದೆಗೆ 7. ಹಾಗಾಗಿ ಎಕ್ಸ್20.7. ಜಾಗ ಎಲ್ಲೂ ಬರೆದಿಲ್ಲವಾದರೆ ಮಾತ್ರ 9. ರೈತರಿಗೆ ಹಾವು ಕಚ್ಚುವುದು ಗದ್ದೆಯಲ್ಲೇ ಇರಬೇಕು ಎಂದು ಊಹಿಸಿ 7 ಹಾಕಬೇಡಿ, ಸೌದೆ ರಾಶಿಯ ಪಕ್ಕದಲ್ಲಿ, ಮಲಗಿದಲ್ಲಿ ಕಚ್ಚಿಸಿಕೊಂಡವರೂ ಬೇಕಾದಷ್ಟಿದ್ದಾರೆ. ತುರ್ತು ವಿಭಾಗದ ಮೊದಲ ಹಾಳೆಯಲ್ಲಿ ಅಥವಾ ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ಪ್ರಕರಣಗಳ) ಪುಸ್ತಕದಲ್ಲಿ ಜಾಗ ಸಾಮಾನ್ಯವಾಗಿ ಬರೆದಿರುತ್ತದೆ.

ಕೀಟನಾಶಕದ ಪ್ರಕರಣಗಳು ಇನ್ನೂ ಸೂಕ್ಷ್ಮ. ಮೂರನೇ ಸಂಪುಟದಲ್ಲಿ ಔಷಧಿ ಮತ್ತು ರಾಸಾಯನಿಕಗಳದ್ದೇ ಪ್ರತ್ಯೇಕ ಕೋಷ್ಟಕವಿದೆ. ವಸ್ತುವಿನ ಹೆಸರು ಹಿಡಿದು ಅಡ್ಡಸಾಲಿನಲ್ಲಿ ಓದಬೇಕು. ಆರ್ಗನೋಫಾಸ್ಫೇಟ್‌ಗೆ ಟಿ60.0. ಆಕಸ್ಮಿಕವಾದರೆ ಎಕ್ಸ್48, ಉದ್ದೇಶಪೂರ್ವಕವಾದರೆ ಎಕ್ಸ್68, ನಿರ್ಧಾರವಾಗದಿದ್ದರೆ ವೈ18. ಮನೆಯವರು ‘ಔಷಧಿ ಹೊಡೆಯುವಾಗ ಗಾಳಿಗೆ ಬಾಯಿಗೆ ಬಂತು’ ಎನ್ನುತ್ತಾರೆ, ನರ್ಸ್ ಟಿಪ್ಪಣಿ ಬೇರೆ ಹೇಳುತ್ತದೆ. ತೀರ್ಪು ಕೊಡುವುದು ಕೋಡರ್ ಕೆಲಸವಲ್ಲ. ವೈದ್ಯರು ಏನು ಬರೆದಿದ್ದಾರೋ ಅದು. ಅವರೇ ನಿರ್ಧರಿಸಲಾಗಿಲ್ಲ ಎಂದಿದ್ದರೆ ವೈ18. ಕುಟುಂಬದ ಮೇಲಿನ ಮರುಕದಿಂದ ಎಕ್ಸ್48 ಹಾಕುವುದನ್ನು ನೋಡಿದ್ದೇನೆ. ಮನಸ್ಸು ಅರ್ಥವಾಗುತ್ತದೆ, ಆದರೆ ಹಾಗೆ ಮಾಡಿದಷ್ಟೂ ಸಮಸ್ಯೆಯ ನಿಜವಾದ ಗಾತ್ರ ಯಾರಿಗೂ ಕಾಣದೆ ಹೋಗುತ್ತದೆ.

ರಸ್ತೆ ಅಪಘಾತದಲ್ಲಿ ರೋಗಿ ಯಾವ ವಾಹನದಲ್ಲಿದ್ದರು, ಯಾವುದಕ್ಕೆ ಡಿಕ್ಕಿಯಾಯಿತು, ಓಡಿಸುತ್ತಿದ್ದರೋ ಹಿಂದೆ ಕುಳಿತಿದ್ದರೋ, ಈ ಮೂರೂ ಬೇಕು. ಬೈಕ್ ಕಾರಿಗೆ ಡಿಕ್ಕಿಯಾಗಿ ಓಡಿಸುತ್ತಿದ್ದವರಿಗೆ ಪೆಟ್ಟಾದರೆ ವಿ23.4, ಹಿಂದೆ ಕುಳಿತವರಿಗಾದರೆ ವಿ23.5. ‘ಆರ್‌ಟಿಎ’ (ರಸ್ತೆ ಅಪಘಾತ) ಎಂದಷ್ಟೇ ಬರೆದ ಕೇಸ್ ಶೀಟ್‌ನಿಂದ ಇದು ಹೊರಡುವುದಿಲ್ಲ.

ಗರ್ಭಿಣಿ ಮತ್ತು ಮಗು

ಗರ್ಭ ಮತ್ತು ಹೆರಿಗೆಯ ಓ ಅಕ್ಷರದ ಅಧ್ಯಾಯಕ್ಕೆ ಬೇರೆಲ್ಲಕ್ಕಿಂತ ಮೊದಲ ಹಕ್ಕು. ರಕ್ತಹೀನತೆ ಡಿ ಅಕ್ಷರದಲ್ಲಿದೆ, ಆದರೆ ಗರ್ಭಿಣಿಯ ರಕ್ತಹೀನತೆ ಓ99.0. ಗರ್ಭಿಣಿಗೆ ಡೆಂಗಿ ಬಂದರೆ ಓ98.5 ಮೊದಲು, ಎ97 ಅದರ ಹಿಂದೆ. ಹೆರಿಗೆಯ ಫಲಿತಾಂಶದ ಜೆಡ್37 ತಾಯಿಯ ಫೈಲಿಗೆ, ಜನಿಸಿದ ಮಗುವಿನ ಜೆಡ್38 ಮಗುವಿನ ಫೈಲಿಗೆ. ಇವೆರಡು ಅದಲುಬದಲಾಗುವುದು ಬಹಳ.

ಶಂಕೆ ಇದ್ದಾಗ

ರೋಗಿ ಮನೆಗೆ ಹೋಗುವಾಗಲೂ ವೈದ್ಯರು ‘ಶಂಕಿತ’ ಎಂದೇ ಬರೆದಿದ್ದರೆ ಮತ್ತು ಬೇರೆ ಮಾಹಿತಿಯೇನೂ ಇಲ್ಲದಿದ್ದರೆ, ಆ ಕಾಯಿಲೆ ಖಚಿತವಾಗಿದೆ ಎಂಬಂತೆಯೇ ಕೋಡ್ ಹಾಕಬೇಕೆಂಬುದು ಎರಡನೇ ಸಂಪುಟದ ನಿಯಮ. ತಪಾಸಣೆಯ ಬಳಿಕ ಆ ಕಾಯಿಲೆ ಇಲ್ಲ ಎಂದಾದರೆ ಜೆಡ್03. ಉದಾಹರಣೆಗೆ ಹೃದಯಾಘಾತದ ಶಂಕೆಯಿಂದ ಒಂದು ರಾತ್ರಿ ಇರಿಸಿಕೊಂಡು ಏನೂ ಇಲ್ಲವೆಂದು ಕಳುಹಿಸಿದರೆ ಜೆಡ್03.4.

ಶಿವಮೊಗ್ಗ, ಉತ್ತರ ಕನ್ನಡದ ಕಡೆಯವರಿಗೆ ಒಂದು ಮಾತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಿಂದ ಜಗತ್ತಿಗೆ ಗೊತ್ತಾದ ಮಂಗನ ಕಾಯಿಲೆಗೆ ಐಸಿಡಿ-10ರಲ್ಲಿ ಅದರದೇ ಕೋಡ್ ಇದೆ, ಎ98.2. ಲ್ಯಾಬ್ ವರದಿ ರೋಗಿ ಮನೆಗೆ ಹೋದ ಮೇಲೆ ಬಂದರೆ ಫೈಲು ಅಷ್ಟರಲ್ಲಿ ಆರ್50.9 ಆಗಿ ಕಪಾಟು ಸೇರಿರುತ್ತದೆ. ತಡವಾಗಿ ಬರುವ ವರದಿಗಳಿಗಾಗಿ ಒಂದು ಬಾಕಿ ಪಟ್ಟಿ ಇಟ್ಟುಕೊಳ್ಳಿ. ವರದಿ ಬಂದ ದಿನ ಅದನ್ನು ವೈದ್ಯರಿಗೆ ತೋರಿಸಿ, ಅವರು ರೋಗನಿರ್ಣಯ ತಿದ್ದಿದ ಬಳಿಕ ಕೋಡ್ ಬದಲಿಸಿ. ಇಲಿಜ್ವರದ ಎ27, ಸ್ಕ್ರಬ್ ಟೈಫಸ್‌ನ ಎ75.3 ಕಥೆಯೂ ಇದೇ.

ವೈದ್ಯರನ್ನು ಕೇಳುವ ರೀತಿ

ಕೋಡರ್ ರೋಗನಿರ್ಣಯ ಮಾಡುವಂತಿಲ್ಲ. ಸಿಟಿ ವರದಿಯಲ್ಲಿ ಇನ್‌ಫಾರ್ಕ್ಟ್ (ರಕ್ತ ಸಿಗದೆ ಮಿದುಳಿನ ಭಾಗ ಸತ್ತಿರುವುದು) ಎಂದಿದೆ, ಸಮ್ಮರಿಯಲ್ಲಿ ಸಿವಿಎ (ಪಾರ್ಶ್ವವಾಯು) ಎಂದಷ್ಟೇ ಇದೆ. ಸಮ್ಮರಿ ಪ್ರಕಾರ ಐ64, ಸಿಟಿ ಪ್ರಕಾರ ಐ63. ನೀವಾಗಿಯೇ ಐ63 ಹಾಕಬೇಡಿ, ಬರವಣಿಗೆಯಲ್ಲಿ ಕೇಳಿ. ಹೀಗೆ:

‘ಸರ್, ಈ ರೋಗಿಯ ಅಂತಿಮ ರೋಗನಿರ್ಣಯದಲ್ಲಿ ಸಿವಿಎ ಎಂದು ಮಾತ್ರ ಇದೆ. ಸಿಟಿ ವರದಿ ಕಡತದ ಹಿಂಭಾಗದಲ್ಲಿ ಲಗತ್ತಾಗಿದೆ. ದಯವಿಟ್ಟು ಪಾರ್ಶ್ವವಾಯುವಿನ ವಿಧವನ್ನು ಸ್ಪಷ್ಟಪಡಿಸಿ, ಸಹಿ ಮತ್ತು ದಿನಾಂಕ ಹಾಕಿ ಕೊಡಬೇಕಾಗಿ ವಿನಂತಿ.’

ಉತ್ತರವನ್ನು ನೀವೇ ಬಾಯಿಗೆ ಹಾಕುವ ಪ್ರಶ್ನೆ ಬೇಡ. ‘ಇನ್‌ಫಾರ್ಕ್ಟ್ ಎಂದು ಬರೆಯಬಹುದೇ ಸರ್’ ಎಂದರೆ ಹೌದು ಎಂದುಬಿಡುತ್ತಾರೆ, ಓಪಿಡಿಯಲ್ಲಿ ಸಾಲು ನಿಂತಿರುತ್ತದೆ. ಫೋನಿನಲ್ಲಿ ಸಿಕ್ಕ ಉತ್ತರ ಕಡತದಲ್ಲಿ ಇಲ್ಲದಿದ್ದರೆ ಅದು ಉತ್ತರವಲ್ಲ. ಎಚ್‌ಐವಿಯ ಬಿ20ರಿಂದ ಬಿ24, ಮಾನಸಿಕ ಕಾಯಿಲೆಗಳ ಎಫ್ ಅಕ್ಷರದ ಕಡತಗಳನ್ನು ಕುರಿತ ಪ್ರಶ್ನೆಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲೇಬೇಡಿ.

ಬಿಲ್ಲಿಂಗ್ ವಿಭಾಗದ ಫೋನು

ವಿಮಾ ನಿಯಂತ್ರಣ ಪ್ರಾಧಿಕಾರದ ಕ್ಲೇಮ್ ನಮೂನೆಯಲ್ಲಿ ಆಸ್ಪತ್ರೆ ತುಂಬುವ ಬಿ ಭಾಗದಲ್ಲಿ ಐಸಿಡಿ-10 ಕೋಡ್‌ಗೆ ಜಾಗವಿದೆ. ಹಾಗಾಗಿ ವಿಮಾ ಕ್ಲೇಮ್ ನೋಡಿಕೊಳ್ಳುವ ಟಿಪಿಎ ಮೇಜಿನಿಂದ ಒಂದಲ್ಲ ಒಂದು ದಿನ ಕರೆ ಬರುತ್ತದೆ: ‘ಈ ಕೋಡ್‌ಗೆ ಕ್ಲೇಮ್ ಪಾಸಾಗುವುದಿಲ್ಲ, ಬೇರೆ ಹಾಕಿ.’ ಕೇಸ್ ಶೀಟ್ ಬದಲಾಗದೆ ಕೋಡ್ ಬದಲಾಗುವುದಿಲ್ಲ ಎಂದು ಹೇಳಿ ಫೋನಿಡಿ. ನಿಜವಾಗಿಯೂ ಏನಾದರೂ ತಪ್ಪಿದ್ದರೆ ವೈದ್ಯರು ಸಮ್ಮರಿ ತಿದ್ದುತ್ತಾರೆ, ಆಮೇಲೆ ಕೋಡ್. ಆಯುಷ್ಮಾನ್ ಯೋಜನೆಯ ಪ್ಯಾಕೇಜ್ ಸಂಖ್ಯೆಯನ್ನು ಐಸಿಡಿ ಕೋಡ್ ಎಂದುಕೊಳ್ಳುವವರೂ ಇದ್ದಾರೆ. ಅದು ಚಿಕಿತ್ಸೆಯ ದರಪಟ್ಟಿಯ ಸಂಖ್ಯೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಸಾವಿನ ಕಾರಣ

ಆಸ್ಪತ್ರೆಯಲ್ಲಿ ಸಾವು ಸಂಭವಿಸಿದಾಗ ನಮೂನೆ 4ರಲ್ಲಿ ವೈದ್ಯರು ಕಾರಣ ಬರೆಯುತ್ತಾರೆ. ಒಂದನೇ ಭಾಗದಲ್ಲಿ ಮೇಲಿನ ಸಾಲಿಗೆ ನೇರ ಕಾರಣ, ಅದರ ಕೆಳಗೆ ಅದಕ್ಕೆ ಕಾರಣ, ಕೊನೆಯಲ್ಲಿ ಮೂಲ. ಎರಡನೇ ಭಾಗದಲ್ಲಿ ಜೊತೆಗಿದ್ದ ಬೇರೆ ಕಾಯಿಲೆಗಳು. ಸರಿಯಾಗಿ ಬರೆದಿದ್ದರೆ ಮೂಲ ಕಾರಣ ಕೆಳಗಿನ ಸಾಲಿನಲ್ಲಿ ಸಿಗುತ್ತದೆ: ನಂಜಿನ ಆಘಾತ, ಅದಕ್ಕೆ ಪಾದದ ಗ್ಯಾಂಗ್ರೀನ್, ಅದಕ್ಕೆ ಎರಡನೇ ಬಗೆಯ ಮಧುಮೇಹ. ಕೋಡ್ ಮತ್ತೆ ಇ11.5. ‘ಹೃದಯ ಸ್ತಂಭನ’ ಎಂಬ ಒಂದೇ ಸಾಲು ಇದ್ದರೆ ನಿಮಗೆ ಉಳಿಯುವುದು ಐ46.9, ಅಂದರೆ ಏನೂ ಇಲ್ಲ. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ. ನಮೂನೆಯನ್ನು ಮರಣ ನೋಂದಣಿಗೆ ಕಳುಹಿಸುವ ಮೊದಲೇ ವೈದ್ಯರ ಬಳಿಗೆ ವಾಪಸ್ ಒಯ್ಯಿರಿ.

ಐಸಿಡಿ-11 ಬರುತ್ತಿದೆಯಲ್ಲ?

2019ರಲ್ಲಿ ಅಂಗೀಕಾರವಾಗಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಅದರ ಕೋಡ್‌ಗಳ ರೂಪವೇ ಬೇರೆ. ಎರಡನೇ ಬಗೆಯ ಮಧುಮೇಹ ಅಲ್ಲಿ 5ಎ11. ಒಂದು ಕೋಡ್‌ಗೆ ಇನ್ನೊಂದನ್ನು ಕೊಂಡಿ ಹಾಕಿ ವಿವರ ಸೇರಿಸಬಹುದು. ಆಯುರ್ವೇದ, ಸಿದ್ಧ, ಯುನಾನಿ ರೋಗನಾಮಗಳ ವಿಭಾಗ 2024ರ ಜನವರಿಯಲ್ಲಿ ದೆಹಲಿಯಲ್ಲಿ ಬಿಡುಗಡೆಯಾಯಿತು. ನಿಮ್ಮ ಆಸ್ಪತ್ರೆ ಅದಕ್ಕೆ ಹೋಗುವವರೆಗೆ ಎರಡನ್ನೂ ಬೆರೆಸಬೇಡಿ. ತರಬೇತಿ ಬೇಕಿದ್ದರೆ ಕೇಂದ್ರ ಆರೋಗ್ಯ ಸಚಿವಾಲಯದ ಅಡಿಯಲ್ಲಿರುವ ಸೆಂಟ್ರಲ್ ಬ್ಯೂರೋ ಆಫ್ ಹೆಲ್ತ್ ಇಂಟೆಲಿಜೆನ್ಸ್ ದಾಖಲೆ ಸಿಬ್ಬಂದಿಗಾಗಿ ನಡೆಸುವ ಶಿಬಿರಗಳನ್ನು ಗಮನಿಸಿ.

ತಿಂಗಳ ಕೊನೆಯ ಕೆಲಸ

ತಿಂಗಳು ಮುಗಿದಾಗ ಎರಡು ಪಟ್ಟಿ ತೆಗೆಯಿರಿ: ಮುಖ್ಯ ಕೋಡ್ ಆರ್ ಅಕ್ಷರದಿಂದ ಶುರುವಾದವು, ಮತ್ತು ಚುಕ್ಕಿಯ ನಂತರ 9 ಇರುವವು. ಎಲ್ಲವೂ ತಪ್ಪಿರುವುದಿಲ್ಲ. ಕಾರಣ ಸಿಗದ ಜ್ವರ ನಿಜವಾಗಿಯೂ ಇರುತ್ತದೆ. ಆದರೆ ಒಂದೇ ವಿಭಾಗದಿಂದ ಒಂದೇ ಅಸ್ಪಷ್ಟ ಕೋಡ್ ಸಾಲಾಗಿ ಬರುತ್ತಿದ್ದರೆ ಅಲ್ಲಿ ಯಾರೋ ಸಮ್ಮರಿಯನ್ನು ನಕಲು ಮಾಡಿ ಅಂಟಿಸುತ್ತಿದ್ದಾರೆ, ಇಲ್ಲವೇ ನಿಮ್ಮಲ್ಲೇ ಯಾರೋ ಹಳೆಯ ಚೀಟಿ ನೋಡುತ್ತಿದ್ದಾರೆ. ಅಂಥವುಗಳಲ್ಲಿ ಹತ್ತು ಕಡತಗಳನ್ನು ಹೊರತೆಗೆಸಿ, ಹಿಂದಿನ ಕೋಡ್ ನೋಡದೆ ಮತ್ತೆ ಹೊಸದಾಗಿ ಕೋಡ್ ಮಾಡಿ ಹೋಲಿಸಿ. ವ್ಯತ್ಯಾಸ ಬಂದವುಗಳ ಪಟ್ಟಿಯನ್ನು ಆ ವಿಭಾಗದ ಮುಖ್ಯಸ್ಥರಿಗೆ ಕಳುಹಿಸಿ. ರೋಗಿಯ ಹೆಸರಾಗಲಿ, ಬರೆದ ವೈದ್ಯರ ಹೆಸರಾಗಲಿ ಬೇಡ. ಕಡತದ ಸಂಖ್ಯೆ, ಬರೆದದ್ದು ಏನು, ಬೇಕಿದ್ದದ್ದು ಏನು, ಇಷ್ಟು ಸಾಕು.